ದೆಹಲಿಯ ಆದೇಶಕ್ಕೆ ಯಾವ ಊರಿನ ಉಚ್ಚ ನ್ಯಾಯಾಲಯ?

ಗ್ರಾಹಕರ ವ್ಯಾಜ್ಯವೊಂದು ಜಿಲ್ಲೆಯಲ್ಲಿ ಹುಟ್ಟಿ, ರಾಜ್ಯದ ರಾಜಧಾನಿಯನ್ನು ಹಾದು, ದೆಹಲಿಯ ರಾಷ್ಟ್ರೀಯ ಆಯೋಗವನ್ನು ತಲುಪುವುದು ಅಪರೂಪವೇನಲ್ಲ. ಅಲ್ಲಿ ಹೊರಬಿದ್ದ ಆದೇಶ ಕಾನೂನಿಗೆ ವಿರುದ್ಧವಾಗಿದೆ ಎಂದು ಸೋತವರಿಗೆ ಅನಿಸಿದರೆ ಮುಂದೆ ತಟ್ಟಬೇಕಾದ ಬಾಗಿಲು ಯಾವುದು? ಉಚ್ಚ ನ್ಯಾಯಾಲಯ ಎಂಬ ಉತ್ತರ ಈಗ ಸ್ಪಷ್ಟವಾಗಿದೆ. ಆದರೆ ದೇಶದಲ್ಲಿ 25 ಉಚ್ಚ ನ್ಯಾಯಾಲಯಗಳಿವೆ. ಆಯೋಗ ಕುಳಿತಿರುವ ದೆಹಲಿಯದೋ, ವ್ಯಾಜ್ಯ ಹುಟ್ಟಿದ ರಾಜ್ಯದ್ದೋ ಎಂಬುದು ಎರಡನೆಯ ಪ್ರಶ್ನೆ. ಸಾಮಾನ್ಯ ಗ್ರಾಹಕನ ಪಾಲಿಗೆ ಮೊದಲನೆಯದಕ್ಕಿಂತ ಈ ಎರಡನೆಯದೇ ಹೆಚ್ಚು ದುಬಾರಿಯಾದದ್ದು.

ಒಂದು ಕಾಲ್ಪನಿಕ ಉದಾಹರಣೆಯಿಂದ ಇದನ್ನು ತಿಳಿಯಬಹುದು. ರಾಯಚೂರಿನ ಗೃಹಿಣಿಯೊಬ್ಬರ ಆರೋಗ್ಯ ವಿಮೆಯ 4 ಲಕ್ಷ ರೂಪಾಯಿ ಬೇಡಿಕೆಯನ್ನು, ಹಳೆಯ ಕಾಯಿಲೆಯನ್ನು ಮುಚ್ಚಿಟ್ಟಿದ್ದಾರೆಂಬ ಕಾರಣ ನೀಡಿ ವಿಮಾ ಕಂಪನಿ ತಿರಸ್ಕರಿಸುತ್ತದೆ. ಹಣ ಕೊಡಬೇಕೆಂದು ಜಿಲ್ಲಾ ಆಯೋಗ ಆದೇಶಿಸುತ್ತದೆ. ರಾಜ್ಯ ಆಯೋಗ ಅದನ್ನೇ ಎತ್ತಿಹಿಡಿಯುತ್ತದೆ. ಮಹತ್ವದ ಕಾನೂನು ಪ್ರಶ್ನೆ ಅಡಗಿದೆ ಎಂದು ವಾದಿಸಿ ಕಂಪನಿ ದೆಹಲಿಗೆ ಹೋಗುತ್ತದೆ. ಅಲ್ಲಿ ರಾಷ್ಟ್ರೀಯ ಆಯೋಗ ಎರಡೂ ಆದೇಶಗಳನ್ನು ರದ್ದುಪಡಿಸುತ್ತದೆ. ಆ ಗೃಹಿಣಿ ಇನ್ನು ಮುಂದೆ ದೆಹಲಿಯಲ್ಲೇ ವಕೀಲರನ್ನು ಹುಡುಕಬೇಕಾದರೆ ಪ್ರಯಾಣ, ವಸತಿ, ಶುಲ್ಕಗಳಲ್ಲೇ ವಿಮೆಯ ಹಣದ ದೊಡ್ಡ ಪಾಲು ಕರಗಿಹೋಗುತ್ತದೆ. ಕಲಬುರಗಿಯಲ್ಲೇ ಅರ್ಜಿ ಸಲ್ಲಿಸಬಹುದಾದರೆ ಲೆಕ್ಕವೇ ಬೇರೆ.

ಮೂರು ಮೆಟ್ಟಿಲು, ಎರಡು ದಾರಿ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೆ ಬಂದು 1986ರ ಹಳೆಯ ಕಾಯ್ದೆಯ ಸ್ಥಾನವನ್ನು ಪಡೆಯಿತು. ಹಿಂದಿನಂತೆಯೇ ಇದರಲ್ಲೂ ಜಿಲ್ಲಾ ಆಯೋಗ, ರಾಜ್ಯ ಆಯೋಗ, ರಾಷ್ಟ್ರೀಯ ಆಯೋಗ ಎಂಬ ಮೂರು ಮೆಟ್ಟಿಲುಗಳಿವೆ. ಸರಕು ಅಥವಾ ಸೇವೆಗೆ ಪಾವತಿಸಿದ ಮೊತ್ತ ಎಷ್ಟು ಎಂಬುದರ ಮೇಲೆ ದೂರು ಎಲ್ಲಿ ಸಲ್ಲಬೇಕೆಂಬುದು ನಿರ್ಧಾರವಾಗುತ್ತದೆ. 2021ರ ಡಿಸೆಂಬರ್ ಕೊನೆಯಲ್ಲಿ ಹೊರಡಿಸಲಾದ ನಿಯಮಗಳಂತೆ 50 ಲಕ್ಷ ರೂಪಾಯಿವರೆಗಿನ ವ್ಯವಹಾರಗಳು ಜಿಲ್ಲಾ ಆಯೋಗಕ್ಕೆ, 2 ಕೋಟಿವರೆಗಿನವು ರಾಜ್ಯ ಆಯೋಗಕ್ಕೆ, ಅದನ್ನು ಮೀರಿದವು ರಾಷ್ಟ್ರೀಯ ಆಯೋಗಕ್ಕೆ ಸೇರಿವೆ.

ಜಿಲ್ಲಾ ಆಯೋಗದ ಆದೇಶದ ವಿರುದ್ಧ 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ, ರಾಜ್ಯ ಆಯೋಗದ ಆದೇಶದ ವಿರುದ್ಧ 30 ದಿನಗಳೊಳಗೆ ರಾಷ್ಟ್ರೀಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ರಾಜ್ಯ ಆಯೋಗ ತಾನೇ ಮೇಲ್ಮನವಿಯಲ್ಲಿ ನೀಡಿದ ಆದೇಶವಾಗಿದ್ದರೆ, ಮಹತ್ವದ ಕಾನೂನು ಪ್ರಶ್ನೆ ಇದ್ದಾಗ ಮಾತ್ರ ಎರಡನೆಯ ಮೇಲ್ಮನವಿಗೆ ಅವಕಾಶವುಂಟು.

ದೆಹಲಿಯ ನಂತರ ದಾರಿ ಕವಲೊಡೆಯುತ್ತದೆ. ರಾಷ್ಟ್ರೀಯ ಆಯೋಗ ನೇರವಾಗಿ ದೂರು ಸ್ವೀಕರಿಸಿ ತೀರ್ಪು ನೀಡಿದ್ದರೆ ಕಾಯ್ದೆಯ 67ನೇ ಪ್ರಕರಣದಂತೆ ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಉಂಟು. ಅದೇ ಆಯೋಗ ಕೆಳಗಿನಿಂದ ಬಂದ ಮೇಲ್ಮನವಿಯನ್ನು ಅಥವಾ ಪುನರೀಕ್ಷಣಾ ಅರ್ಜಿಯನ್ನು ತೀರ್ಮಾನಿಸಿದ್ದರೆ ಕಾಯ್ದೆಯಲ್ಲಿ ಮುಂದಿನ ಮೇಲ್ಮನವಿಯೇ ಇಲ್ಲ. ಜಿಲ್ಲೆಯಲ್ಲಿ ಆರಂಭವಾಗುವ ಸಣ್ಣಪುಟ್ಟ ವ್ಯಾಜ್ಯಗಳೆಲ್ಲ ಈ ಎರಡನೆಯ ಬಗೆಯವು. ದೊಡ್ಡ ಮೊತ್ತದವರಿಗೆ ಸರ್ವೋಚ್ಚ ನ್ಯಾಯಾಲಯದ ಬಾಗಿಲು ಹಕ್ಕಿನಿಂದ ತೆರೆಯುತ್ತದೆ. ಸಣ್ಣ ಮೊತ್ತದವರಿಗೆ ಉಳಿಯುವುದು ಸಂವಿಧಾನ ಮಾತ್ರ.

227ನೇ ವಿಧಿ ಹೇಳುವುದೇನು?

ಪ್ರತಿಯೊಂದು ಉಚ್ಚ ನ್ಯಾಯಾಲಯಕ್ಕೂ ತನ್ನ ಅಧಿಕಾರ ನಡೆಯುವ ಪ್ರದೇಶಗಳಾದ್ಯಂತ ಇರುವ ಎಲ್ಲ ನ್ಯಾಯಾಲಯಗಳ ಹಾಗೂ ನ್ಯಾಯಾಧಿಕರಣಗಳ ಮೇಲೆ ಮೇಲ್ವಿಚಾರಣೆಯ ಅಧಿಕಾರವಿದೆ ಎನ್ನುತ್ತದೆ ಸಂವಿಧಾನದ 227ನೇ ವಿಧಿ. ಸಶಸ್ತ್ರ ಪಡೆಗಳ ಕಾನೂನಿನಡಿ ಸ್ಥಾಪಿತವಾದ ನ್ಯಾಯಾಧಿಕರಣಗಳಿಗೆ ಮಾತ್ರ ಇದರಿಂದ ವಿನಾಯಿತಿ. ಈ ಅಧಿಕಾರದ ಬೇರು ಹಳೆಯದು. 1861ರ ಭಾರತೀಯ ಉಚ್ಚ ನ್ಯಾಯಾಲಯಗಳ ಕಾಯ್ದೆಯಲ್ಲೇ ಅಧೀನ ನ್ಯಾಯಾಲಯಗಳ ಮೇಲ್ವಿಚಾರಣೆಯ ಮಾತು ಬಂದಿತ್ತು.

ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ 42ನೇ ತಿದ್ದುಪಡಿ ಈ ವಿಧಿಯಿಂದ ನ್ಯಾಯಾಧಿಕರಣಗಳನ್ನು ಹೊರಗಿಟ್ಟಿತು. 1978ರ 44ನೇ ತಿದ್ದುಪಡಿ ಅವುಗಳನ್ನು ಮರಳಿ ಒಳಗೆ ತಂದಿತು. 1997ರಲ್ಲಿ ಎಲ್. ಚಂದ್ರಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠ ಇನ್ನೂ ಮುಂದಕ್ಕೆ ಹೋಗಿ, 226 ಮತ್ತು 227ನೇ ವಿಧಿಗಳಡಿ ಉಚ್ಚ ನ್ಯಾಯಾಲಯಗಳಿಗಿರುವ ಪರಿಶೀಲನಾಧಿಕಾರ ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದ್ದು, ಶಾಸನದಿಂದಾಗಲಿ ತಿದ್ದುಪಡಿಯಿಂದಾಗಲಿ ಅದನ್ನು ಕಿತ್ತುಹಾಕಲಾಗದು ಎಂದು ಸಾರಿತು. ಗ್ರಾಹಕ ಕಾಯ್ದೆಯಲ್ಲಿ ಉಚ್ಚ ನ್ಯಾಯಾಲಯದ ಹೆಸರೇ ಇಲ್ಲದಿದ್ದರೂ ಈ ಬಾಗಿಲು ಮುಚ್ಚದಿರುವುದು ಆದ್ದರಿಂದಲೇ.

ಗ್ರಾಹಕ ಆಯೋಗಗಳಿಗೆ ಇದು ಹೇಗೆ ಅನ್ವಯಿಸುತ್ತದೆಂಬುದನ್ನು 2022ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ವಿವರಿಸಿತು. ಮನೆ ಖರೀದಿದಾರರೊಬ್ಬರಿಗೂ ಓಮ್ಯಾಕ್ಸ್ ಬಿಲ್ಡ್‌ಹೋಂ ಕಂಪನಿಗೂ ನಡುವಣ ವ್ಯಾಜ್ಯದಲ್ಲಿ, ಮೇಲ್ಮನವಿಯ ಮೇಲೆ ರಾಷ್ಟ್ರೀಯ ಆಯೋಗ ನೀಡಿದ ಆದೇಶವನ್ನು ಕಂಪನಿ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿತ್ತು. ಇದಕ್ಕೆ ಅವಕಾಶವೇ ಇಲ್ಲವೆಂಬುದು ಖರೀದಿದಾರರ ವಾದ. ರಾಷ್ಟ್ರೀಯ ಆಯೋಗವೂ 227ನೇ ವಿಧಿಯ ಅರ್ಥದಲ್ಲಿ ನ್ಯಾಯಾಧಿಕರಣವೇ ಆಗಿದ್ದು, ಮೇಲ್ಮನವಿ ಇಲ್ಲದ ಇಂತಹ ಆದೇಶಗಳ ವಿರುದ್ಧ ಉಚ್ಚ ನ್ಯಾಯಾಲಯಕ್ಕೆ ಹೋಗಬಹುದು ಎಂದು ನ್ಯಾಯಪೀಠ ತೀರ್ಮಾನಿಸಿತು. 2023ರ ಜುಲೈಯಲ್ಲಿ ಯೂನಿವರ್ಸಲ್ ಸೊಂಪೊ ವಿಮಾ ಕಂಪನಿಯ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಇಂತಹ ಆದೇಶಗಳ ವಿರುದ್ಧ ವಿಶೇಷ ಅನುಮತಿ ಅರ್ಜಿಯೊಡನೆ ನೇರವಾಗಿ ತನ್ನಲ್ಲಿಗೆ ಬರುವ ಬದಲು ಮೊದಲು ವ್ಯಾಪ್ತಿಯುಳ್ಳ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕೆಂದು ಸೂಚಿಸಿತು. ಹಾಗಾದರೆ ವ್ಯಾಪ್ತಿಯುಳ್ಳ ಉಚ್ಚ ನ್ಯಾಯಾಲಯ ಯಾವುದು? ತೊಡಕು ಹುಟ್ಟಿದ್ದು ಅಲ್ಲಿಯೇ.

ಪಕ್ಕಪಕ್ಕದ ವಿಧಿಗಳು, ಬೇರೆ ಬೇರೆ ಗಡಿಗಳು

226ನೇ ವಿಧಿ ರಿಟ್ ಹೊರಡಿಸುವ ಅಧಿಕಾರಕ್ಕೂ 227ನೇ ವಿಧಿ ಮೇಲ್ವಿಚಾರಣೆಗೂ ಸಂಬಂಧಿಸಿವೆ. ಆರಂಭದಲ್ಲಿ ಎರಡಕ್ಕೂ ಗಡಿ ಒಂದೇ ರೀತಿಯದಾಗಿತ್ತು. 1953ರಲ್ಲಿ ಸಾಕಾ ವೆಂಕಟರಾವ್ ಪ್ರಕರಣದಲ್ಲಿ, ದೆಹಲಿಯಲ್ಲಿರುವ ಚುನಾವಣಾ ಆಯೋಗಕ್ಕೆ ಮದರಾಸಿನ ಉಚ್ಚ ನ್ಯಾಯಾಲಯ ರಿಟ್ ಹೊರಡಿಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಘಟನೆ ಎಲ್ಲಿ ನಡೆಯಿತೆಂಬುದು ಆಗ ಮುಖ್ಯವಾಗಿರಲಿಲ್ಲ. ಕಚೇರಿ ಎಲ್ಲಿದೆ ಎಂಬುದಷ್ಟೇ ಮುಖ್ಯವಾಗಿತ್ತು. ಕೇಂದ್ರ ಸರ್ಕಾರದ ಕಚೇರಿಗಳ ವಿರುದ್ಧ ದೂರುವವರು ದೂರದ ಊರುಗಳಿಂದ ಆಗ ಪಂಜಾಬ್ ಉಚ್ಚ ನ್ಯಾಯಾಲಯದ ವ್ಯಾಪ್ತಿಯಲ್ಲಿದ್ದ ದೆಹಲಿಗೇ ಬರಬೇಕಾಯಿತು.

ಈ ಕಷ್ಟವನ್ನು ಮನಗಂಡು 1963ರ 15ನೇ ತಿದ್ದುಪಡಿಯ ಮೂಲಕ ಸಂಸತ್ತು 226ನೇ ವಿಧಿಗೆ ಹೊಸ ಉಪವಿಧಿಯನ್ನು ಸೇರಿಸಿತು. ವ್ಯಾಜ್ಯಕಾರಣ ಪೂರ್ಣವಾಗಿ ಅಥವಾ ಭಾಗಶಃ ತನ್ನ ಪ್ರದೇಶದಲ್ಲಿ ಉದ್ಭವಿಸಿದ್ದರೆ, ಎದುರಾಳಿ ಪ್ರಾಧಿಕಾರ ಹೊರಗಿದ್ದರೂ ಉಚ್ಚ ನ್ಯಾಯಾಲಯ ರಿಟ್ ಹೊರಡಿಸಬಹುದೆಂಬುದು ಅದರ ಸಾರ. ವ್ಯಾಜ್ಯಕಾರಣವೆಂದರೆ ಪರಿಹಾರ ಕೇಳುವ ಹಕ್ಕನ್ನು ಹುಟ್ಟಿಸುವ ಸಂಗತಿಗಳ ಒಟ್ಟು ಮೊತ್ತ. ರಾಯಚೂರಿನ ಉದಾಹರಣೆಯಲ್ಲಿ ಪಾಲಿಸಿ ಕೊಂಡದ್ದು, ಚಿಕಿತ್ಸೆ ಪಡೆದದ್ದು, ಬೇಡಿಕೆ ತಿರಸ್ಕೃತವಾದದ್ದು ಇವೆಲ್ಲ ಅದರಲ್ಲಿ ಸೇರುತ್ತವೆ.

ಆದರೆ 227ನೇ ವಿಧಿಗೆ ಇಂತಹ ಉಪವಿಧಿಯನ್ನು ಯಾರೂ ಸೇರಿಸಲಿಲ್ಲ. ಅಕ್ಷರಶಃ ಓದಿದರೆ, ಮೇಲ್ವಿಚಾರಣೆ ಸಲ್ಲುವುದು ತನ್ನ ಪ್ರದೇಶದೊಳಗೆ ಇರುವ ನ್ಯಾಯಾಧಿಕರಣಗಳ ಮೇಲೆ ಮಾತ್ರ. ರಾಷ್ಟ್ರೀಯ ಆಯೋಗ ದೆಹಲಿಯಲ್ಲಿ ಇರುವುದರಿಂದ ದೆಹಲಿ ಉಚ್ಚ ನ್ಯಾಯಾಲಯ ಮಾತ್ರ ಅದನ್ನು ವಿಚಾರಿಸಬಹುದೆಂಬ ವಾದಕ್ಕೆ ಬಲ ಬಂದದ್ದು ಇದರಿಂದ. ದೇಶದ ನಾನಾ ಭಾಗಗಳ ಗ್ರಾಹಕ ವ್ಯಾಜ್ಯಗಳು ಆ ನ್ಯಾಯಾಲಯದ ಮುಂದೆ ಬಂದು ನಿಲ್ಲತೊಡಗಿದವು.

ಕಟ್ಟಡವೋ, ವ್ಯಾಜ್ಯದ ಮೂಲವೋ?

ಇದೇ ಪ್ರಶ್ನೆ ಬೇರೆ ನ್ಯಾಯಾಧಿಕರಣಗಳ ವಿಷಯದಲ್ಲೂ ಎದ್ದಿದೆ. 2004ರ ಕುಸುಮ್ ಇಂಗಾಟ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಮೇಲ್ಮನವಿ ಪ್ರಾಧಿಕಾರ ಕುಳಿತಿರುವ ಊರಿನಲ್ಲೂ ವ್ಯಾಜ್ಯಕಾರಣದ ಒಂದು ಅಂಶ ಹುಟ್ಟುತ್ತದೆ ಎಂದಿತು. ಆದರೆ ಅಂಶ ಚಿಕ್ಕದಾಗಿದ್ದರೆ, ಹೆಚ್ಚು ಅನುಕೂಲವಾದ ನ್ಯಾಯಾಲಯ ಬೇರೊಂದು ಇದ್ದರೆ, ಅರ್ಜಿಯನ್ನು ಕೈಗೆತ್ತಿಕೊಳ್ಳದೆ ಇರುವ ವಿವೇಚನೆ ಉಚ್ಚ ನ್ಯಾಯಾಲಯಕ್ಕಿದೆ ಎಂದೂ ಸೇರಿಸಿತು. 2011ರಲ್ಲಿ ಸ್ಟರ್ಲಿಂಗ್ ಆಗ್ರೊ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ ಈ ಅನುಕೂಲದ ತತ್ತ್ವಕ್ಕೆ ಒತ್ತು ನೀಡಿತು.

ತೆರಿಗೆಯ ಕ್ಷೇತ್ರದಲ್ಲಿ ಉತ್ತರ ಇನ್ನಷ್ಟು ನೇರವಾಗಿದೆ. 2007ರ ಅಂಬಿಕಾ ಇಂಡಸ್ಟ್ರೀಸ್ ಪ್ರಕರಣದಲ್ಲಿ ದೆಹಲಿಯಲ್ಲಿ ಕುಳಿತ ಅಬಕಾರಿ ಸುಂಕ ನ್ಯಾಯಾಧಿಕರಣದ ಆದೇಶಕ್ಕೂ, 2022ರ ಎಬಿಸಿ ಪೇಪರ್ಸ್ ಪ್ರಕರಣದಲ್ಲಿ ಆದಾಯ ತೆರಿಗೆ ನ್ಯಾಯಾಧಿಕರಣದ ಆದೇಶಕ್ಕೂ ಸರ್ವೋಚ್ಚ ನ್ಯಾಯಾಲಯ ಒಂದೇ ಸೂತ್ರವನ್ನು ಅನ್ವಯಿಸಿತು. ತೆರಿಗೆ ನಿರ್ಧರಿಸಿದ ಮೂಲ ಅಧಿಕಾರಿ ಯಾವ ರಾಜ್ಯದಲ್ಲಿದ್ದಾನೋ ಆ ರಾಜ್ಯದ ಉಚ್ಚ ನ್ಯಾಯಾಲಯಕ್ಕೇ ಮೇಲ್ಮನವಿ ಹೋಗಬೇಕು. ನ್ಯಾಯಾಧಿಕರಣ ಕುಳಿತ ಜಾಗ ಮುಖ್ಯವಲ್ಲ. ಇಲ್ಲದಿದ್ದರೆ ಕಕ್ಷಿದಾರರು ತಮಗೆ ಹಿತವಾದ ನ್ಯಾಯಾಲಯವನ್ನು ಆರಿಸಿಕೊಳ್ಳಲು ದಾರಿಯಾಗುತ್ತದೆ ಎಂಬುದು ಇದರ ಹಿಂದಿನ ಆತಂಕ.

ಸೇವಾ ವಿಷಯಗಳಲ್ಲಿ ಮಾತ್ರ ಗಾಳಿ ಎದುರು ದಿಕ್ಕಿನಿಂದ ಬೀಸಿತು. ಪಶ್ಚಿಮ ಬಂಗಾಳದ ಮಾಜಿ ಮುಖ್ಯ ಕಾರ್ಯದರ್ಶಿ ಅಲಾಪನ್ ಬಂದ್ಯೋಪಾಧ್ಯಾಯ ಅವರ ಅರ್ಜಿಯನ್ನು ಕೇಂದ್ರ ಆಡಳಿತ ನ್ಯಾಯಾಧಿಕರಣದ ಪ್ರಧಾನ ಪೀಠ ಕೋಲ್ಕತ್ತದಿಂದ ದೆಹಲಿಗೆ ವರ್ಗಾಯಿಸಿತ್ತು. ಕಲ್ಕತ್ತಾ ಉಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ಪ್ರಧಾನ ಪೀಠ ದೆಹಲಿಯಲ್ಲಿ ಇರುವುದರಿಂದ ಕಲ್ಕತ್ತಾ ಉಚ್ಚ ನ್ಯಾಯಾಲಯಕ್ಕೆ ಆ ಅಧಿಕಾರವಿಲ್ಲ ಎಂದು 2022ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆದರೆ 2023ರ ಮಾರ್ಚ್‌ನಲ್ಲಿ ಅರಣ್ಯ ಸೇವೆಯ ಅಧಿಕಾರಿ ಸಂಜೀವ್ ಚತುರ್ವೇದಿ ಅವರ ಪ್ರಕರಣದಲ್ಲಿ ಇನ್ನೊಂದು ಪೀಠ ಈ ನಿಲುವಿನ ಬಗ್ಗೆ ಸಂದೇಹ ತಾಳಿ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು. ಸರ್ವೋಚ್ಚ ನ್ಯಾಯಾಲಯದೊಳಗೇ ಎರಡು ಅಭಿಪ್ರಾಯಗಳಿಗೆ ಎಡೆಯುಂಟು ಎಂಬುದನ್ನು ಇದು ತೋರಿಸುತ್ತದೆ.

2024ರ ತಿರುವು

ಗ್ರಾಹಕ ವ್ಯಾಜ್ಯಗಳ ಮಟ್ಟಿಗೆ ದಾರಿ ತಿಳಿಯಾದದ್ದು 2024ರಲ್ಲಿ. ಕೋಲ್ಕತ್ತದಲ್ಲಿ ಹುಟ್ಟಿದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ, ರಾಷ್ಟ್ರೀಯ ಆಯೋಗ ದೆಹಲಿಯಲ್ಲಿ ಕುಳಿತು ಆದೇಶ ನೀಡಿದ ಮಾತ್ರಕ್ಕೆ ವ್ಯಾಜ್ಯಕಾರಣ ದೆಹಲಿಯಲ್ಲಿ ಹುಟ್ಟಿತೆಂದು ಹೇಳಲಾಗದು, ವ್ಯಾಪ್ತಿಯುಳ್ಳದ್ದು ಕಲ್ಕತ್ತಾ ಉಚ್ಚ ನ್ಯಾಯಾಲಯವೇ ಎಂಬ ನಿಲುವು ತಾಳಿತು. ಇದನ್ನು ಆಧಾರವಾಗಿಟ್ಟುಕೊಂಡು ದೆಹಲಿ ಉಚ್ಚ ನ್ಯಾಯಾಲಯವು ಇತರ ರಾಜ್ಯಗಳ ವ್ಯಾಜ್ಯಗಳಲ್ಲಿ ತನ್ನ ಮುಂದಿದ್ದ ಅರ್ಜಿಗಳನ್ನು, ಆಯಾ ರಾಜ್ಯದ ಉಚ್ಚ ನ್ಯಾಯಾಲಯಕ್ಕೆ ಹೋಗುವ ಸ್ವಾತಂತ್ರ್ಯ ನೀಡಿ ಹಿಂದಿರುಗಿಸಿತು.

ಈ ನಿಲುವಿಗೆ ಎದುರಾಗಿ ಹೇಳಬಹುದಾದ ಮಾತೂ ಹಗುರವಾದುದಲ್ಲ. ಒಂದೇ ಆಯೋಗದ ಮೇಲೆ 25 ಉಚ್ಚ ನ್ಯಾಯಾಲಯಗಳು ಮೇಲ್ವಿಚಾರಣೆ ನಡೆಸಿದರೆ, ಒಂದೇ ಕಾನೂನಿನ ಒಂದೇ ಪ್ರಕರಣಕ್ಕೆ ಒಂದೊಂದು ರಾಜ್ಯದಲ್ಲಿ ಒಂದೊಂದು ಅರ್ಥ ಹುಟ್ಟಬಹುದು. ಯಾವುದನ್ನು ಪಾಲಿಸಬೇಕೆಂಬ ಗೊಂದಲ ಆಯೋಗಕ್ಕೆ ಎದುರಾಗಬಹುದು. ಆದರೆ ಆದಾಯ ತೆರಿಗೆ ನ್ಯಾಯಾಧಿಕರಣ ಈ ಗೊಂದಲದೊಡನೆ ಬಹುಕಾಲದಿಂದ ಬಾಳುತ್ತಿದೆ. ಪ್ರಕರಣ ಯಾವ ರಾಜ್ಯದ್ದೋ ಆ ರಾಜ್ಯದ ಉಚ್ಚ ನ್ಯಾಯಾಲಯದ ತೀರ್ಪನ್ನು ಅನುಸರಿಸುವುದು ಅಲ್ಲಿನ ರೂಢಿ. ಭಿನ್ನಾಭಿಪ್ರಾಯ ಬೆಳೆದರೆ ಅದನ್ನು ಬಗೆಹರಿಸಲು ಸರ್ವೋಚ್ಚ ನ್ಯಾಯಾಲಯವಿದೆ.

ಕಾಯ್ದೆಯ ಆಶಯವೂ ಇದೇ ದಿಕ್ಕಿನಲ್ಲಿದೆ. 1986ರ ಕಾಯ್ದೆಯಡಿ ಸಾಮಾನ್ಯವಾಗಿ ಎದುರಾಳಿಯ ಊರಿನಲ್ಲಿ ಅಥವಾ ವ್ಯಾಜ್ಯಕಾರಣ ಹುಟ್ಟಿದಲ್ಲಿ ದೂರು ಸಲ್ಲಿಸಬೇಕಿತ್ತು. 2019ರ ಕಾಯ್ದೆ ದೂರುದಾರ ವಾಸಿಸುವ ಅಥವಾ ದುಡಿಯುವ ಊರಿನಲ್ಲೇ ದೂರು ಸಲ್ಲಿಸಲು ಅವಕಾಶ ನೀಡಿತು. ಮೊದಲ ಮೆಟ್ಟಿಲನ್ನು ಮನೆಯ ಬಾಗಿಲಿಗೆ ತಂದು, ಕೊನೆಯ ಮೆಟ್ಟಿಲಿಗೆ ಮಾತ್ರ ದೆಹಲಿಗೆ ಬಾ ಎಂದರೆ ಕೊಟ್ಟ ಅನುಕೂಲವನ್ನು ಕಿತ್ತುಕೊಂಡಂತೆಯೇ. ದೇಶವ್ಯಾಪಿ ವ್ಯವಹಾರವುಳ್ಳ ಕಂಪನಿಗೆ ದೆಹಲಿಯಲ್ಲಿ ವಕೀಲರಿರುತ್ತಾರೆ. ರಾಯಚೂರಿನ ಪಾಲಿಸಿದಾರರಿಗೆ ಇರುವುದಿಲ್ಲ.

ರಾಜ್ಯದ ಗಡಿ ಮಾತ್ರ ಗಟ್ಟಿ

ದೆಹಲಿಯ ಆಯೋಗದ ವಿಷಯದಲ್ಲಿ ಇಷ್ಟು ಚರ್ಚೆ ನಡೆದರೂ, ಜಿಲ್ಲಾ ಮತ್ತು ರಾಜ್ಯ ಆಯೋಗಗಳ ವಿಷಯದಲ್ಲಿ ಗಡಿ ಅಚಲವಾಗಿದೆ. ಕಾಸರಗೋಡಿನ ಕನ್ನಡಿಗರೊಬ್ಬರು ಬೆಂಗಳೂರಿನ ಕಂಪನಿಯಿಂದ ಸರಕು ತರಿಸಿಕೊಂಡು, ತಮ್ಮೂರಿನ ಜಿಲ್ಲಾ ಆಯೋಗದಲ್ಲಿ ದೂರು ಸಲ್ಲಿಸಿದರೆ ಆ ಆಯೋಗದ ಮೇಲ್ವಿಚಾರಣೆ ಎರ್ನಾಕುಳಂನ ಕೇರಳ ಉಚ್ಚ ನ್ಯಾಯಾಲಯಕ್ಕೆ ಸೇರಿದ್ದು. ಕಂಪನಿಯ ಕಚೇರಿ ಬೆಂಗಳೂರಿನಲ್ಲಿದೆ, ಸರಕು ಹೊರಟದ್ದು ಬೆಂಗಳೂರಿನಿಂದ ಎಂಬ ಕಾರಣಕ್ಕೆ ಕರ್ನಾಟಕದ ಉಚ್ಚ ನ್ಯಾಯಾಲಯ 227ನೇ ವಿಧಿಯಡಿ ಕೇರಳದ ಆಯೋಗವನ್ನು ತಿದ್ದಲಾರದು. ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರ ವ್ಯಾಜ್ಯಗಳಿಗೆ ಬಾಂಬೆ ಉಚ್ಚ ನ್ಯಾಯಾಲಯವೇ ಗತಿ. 2025ರ ಆಗಸ್ಟ್‌ನಲ್ಲಿ ಆರಂಭವಾದ ಕೊಲ್ಹಾಪುರ ಪೀಠದ ವ್ಯಾಪ್ತಿಗೆ ಸೊಲ್ಲಾಪುರ ಜಿಲ್ಲೆ ಸೇರಿರುವುದರಿಂದ ಅವರಿಗೆ ಮುಂಬಯಿಯ ದಾರಿ ತುಸು ತಗ್ಗಿದೆ.

ಇಲ್ಲಿ ಪ್ರದೇಶವೆಂದರೆ ಒಂದೇ ರಾಜ್ಯವೆಂದು ಅರ್ಥವಲ್ಲ. ಬಾಂಬೆ ಉಚ್ಚ ನ್ಯಾಯಾಲಯ ಗೋವಾಕ್ಕೂ, ಗುವಾಹಟಿಯದು ಅಸ್ಸಾಂ ಸೇರಿ ನಾಲ್ಕು ರಾಜ್ಯಗಳಿಗೂ ಸಲ್ಲುತ್ತದೆ. ಕರ್ನಾಟಕದೊಳಗೆ ಬೆಂಗಳೂರಿನ ಪ್ರಧಾನ ಪೀಠದೊಂದಿಗೆ 2013ರಿಂದ ಧಾರವಾಡ ಮತ್ತು ಕಲಬುರಗಿಗಳಲ್ಲಿ ಕಾಯಂ ಪೀಠಗಳಿವೆ. ಯಾವ ಜಿಲ್ಲೆಯ ಪ್ರಕರಣ ಯಾವ ಪೀಠಕ್ಕೆ ಎಂಬುದು ಒಂದೇ ಉಚ್ಚ ನ್ಯಾಯಾಲಯದೊಳಗಿನ ಹಂಚಿಕೆ. ಎರಡು ಉಚ್ಚ ನ್ಯಾಯಾಲಯಗಳ ನಡುವಣ ಗಡಿಯೊಡನೆ ಅದನ್ನು ಬೆರೆಸಬಾರದು.

ಮೇಲ್ವಿಚಾರಣೆ ಮೇಲ್ಮನವಿಯಲ್ಲ

ಸರಿಯಾದ ಉಚ್ಚ ನ್ಯಾಯಾಲಯವನ್ನು ತಲುಪಿದ ಮಾತ್ರಕ್ಕೆ ಗೆಲುವು ನಿಶ್ಚಿತವಲ್ಲ. ಕೆಳಗಿನ ನ್ಯಾಯಾಧಿಕರಣಗಳು ತಮ್ಮ ಅಧಿಕಾರದ ಎಲ್ಲೆಯೊಳಗೆ ನಡೆಯುವಂತೆ ನೋಡಿಕೊಳ್ಳುವುದು 227ನೇ ವಿಧಿಯ ಕೆಲಸ ಎಂದು ಸರ್ವೋಚ್ಚ ನ್ಯಾಯಾಲಯ 1954ರಷ್ಟು ಹಿಂದೆಯೇ ಹೇಳಿದೆ. ಸಾಕ್ಷ್ಯವನ್ನು ಮತ್ತೆ ತೂಗುವುದು, ತನಗೆ ಬೇರೆ ಅಭಿಪ್ರಾಯ ಇದೆಯೆಂದು ಆದೇಶ ಬದಲಿಸುವುದು ಅದರ ಕೆಲಸವಲ್ಲ. ಅಧಿಕಾರ ಮೀರಿದ ನಡೆ, ಅಧಿಕಾರವಿದ್ದೂ ಬಳಸದಿರುವುದು, ಎದುರಾಳಿಯ ಮಾತು ಕೇಳದೆ ತೀರ್ಮಾನಿಸುವುದು, ಕಣ್ಣಿಗೆ ರಾಚುವ ಕಾನೂನು ತಪ್ಪು, ಇವುಗಳಿದ್ದಾಗ ಮಾತ್ರ ಹಸ್ತಕ್ಷೇಪಕ್ಕೆ ಎಡೆ. ಕಾಯ್ದೆಯಲ್ಲೇ ಮೇಲ್ಮನವಿಯ ದಾರಿ ಇರುವಾಗ ಅದನ್ನು ಬಿಟ್ಟು ಉಚ್ಚ ನ್ಯಾಯಾಲಯಕ್ಕೆ ಹಾರುವುದನ್ನು 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಆಕ್ಷೇಪಿಸಿತ್ತು. ಆ ಎಚ್ಚರಿಕೆ ಈಗಲೂ ಸಲ್ಲುತ್ತದೆ.

ಆದ್ದರಿಂದ ರಾಷ್ಟ್ರೀಯ ಆಯೋಗದ ಆದೇಶ ಕೈಸೇರಿದಾಗ ಗ್ರಾಹಕರು ಮೊದಲು ನೋಡಬೇಕಾದದ್ದು, ಆದೇಶ ಮೂಲ ದೂರಿನ ಮೇಲೆ ಬಂದದ್ದೋ, ಮೇಲ್ಮನವಿ ಅಥವಾ ಪುನರೀಕ್ಷಣೆಯಲ್ಲಿ ಬಂದದ್ದೋ ಎಂಬುದನ್ನು. ಮೊದಲನೆಯದಾದರೆ 30 ದಿನಗಳೊಳಗೆ ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ. ಎರಡನೆಯದಾದರೆ ದೂರು ಮೊದಲು ದಾಖಲಾದ ಆಯೋಗ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ಉಚ್ಚ ನ್ಯಾಯಾಲಯ. ಅರ್ಜಿಯ ತಲೆಬರಹದಲ್ಲಿ 226 ಎಂದಿದೆಯೋ 227 ಎಂದಿದೆಯೋ ಎಂಬುದಕ್ಕಿಂತ ಅರ್ಜಿಯ ತಿರುಳು ಮುಖ್ಯ. ಎರಡನ್ನೂ ನಮೂದಿಸುವ ರೂಢಿಯೂ ಇದೆ. 227ನೇ ವಿಧಿಯಡಿ ಇಂತಿಷ್ಟೇ ದಿನ ಎಂಬ ಗಡುವು ಸಂವಿಧಾನದಲ್ಲಿಲ್ಲ. ಆದರೆ ಕಾರಣವಿಲ್ಲದ ವಿಳಂಬವನ್ನು ನ್ಯಾಯಾಲಯಗಳು ಮನ್ನಿಸುವುದಿಲ್ಲ. ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಆದೇಶಕ್ಕೆ ತಡೆ ಸಿಗುವುದೂ ಇಲ್ಲ. ತಡೆಯಾಜ್ಞೆಯನ್ನು ಪ್ರತ್ಯೇಕವಾಗಿ ಕೋರಬೇಕು.

ತಪ್ಪು ನ್ಯಾಯಾಲಯಕ್ಕೆ ಹೋದ ಅರ್ಜಿ ಹಿಂದಿರುಗಿದರೆ ಹಕ್ಕು ಅಲ್ಲಿಗೇ ಮುಗಿಯುವುದಿಲ್ಲ. ಆದರೆ ಕಳೆದ ತಿಂಗಳುಗಳು ಹಿಂದಿರುಗುವುದಿಲ್ಲ. ವಿಮೆಯ ಹಣಕ್ಕೆ ಕಾದು ಕುಳಿತ ಸಂಸಾರಕ್ಕೆ ಆ ತಿಂಗಳುಗಳೇ ದೊಡ್ಡ ನಷ್ಟ. ರಾಯಚೂರಿನ ಕಾಲ್ಪನಿಕ ಪಾಲಿಸಿದಾರರಿಗೆ ಇಂದಿನ ಕಾನೂನು ತೋರಿಸುವ ಊರು ದೆಹಲಿಯಲ್ಲ, ಕಲಬುರಗಿ.